ಬಲಕ್ಕೆ ಬಿದ್ದ ಹಿಡಿ

"ಈ ಕುಡುಗೋಲನ್ನ ಯಾರು ಬದಲಾಯಿಸಿದ್ದು?"

ನೆಲ ಒರೆಸುತ್ತಿದ್ದ ಬಕೆಟ್ಟಕ್ಕ ಹೀಗೆ ಕೇಳಿದಾಗ ಆ ಕೋಣೆಯಲ್ಲಿ ಇನ್ನಿಬ್ಬರೇ ಇದ್ದೆವು. ಮೇಜಿನ ಮೇಲೆ ಬಗ್ಗಿ ಹಳೆಯ ಚಿತ್ರವೊಂದರ ಮಸಿಯನ್ನು ಹತ್ತಿಯಲ್ಲಿ ತೆಗೆಯುತ್ತಿದ್ದ ರಿಪೇರಿ ಮೇಷ್ಟ್ರು ಒಬ್ಬರು; ಅದೇ ಚಿತ್ರದ ಪಕ್ಕ ಅಂಟಿಸಬೇಕಾದ ವಿವರದ ಚೀಟಿ ಬರೆಯುತ್ತಿದ್ದ ನಾನು ಇನ್ನೊಬ್ಬಳು. ನಮ್ಮದು ಸಣ್ಣ ಚಿತ್ರಶಾಲೆ. ಕೆಳಗೆ ಮೂರು ಕೋಣೆ, ಮೇಲೆ ಎರಡು, ಮೆಟ್ಟಿಲ ಕೆಳಗೊಂದು ಉಗ್ರಾಣ. ಚೀಟಿ ಬರೆಯುವುದು, ಚಿತ್ರಗಳ ಪಟ್ಟಿ ಇಡುವುದು ನನ್ನ ಕೆಲಸ. ನೆಲ, ಕಿಟಕಿ, ನೀರು ಬಕೆಟ್ಟಕ್ಕನ ಕೆಲಸ. ಅವಳಿಗೆ ಆ ಹೆಸರಿಟ್ಟವನು ಬಾಗಿಲು ಕಾಯುವ ಗೇಟಣ್ಣ. ಬೆಳಿಗ್ಗೆ ಅವಳು ಕಾಣುವ ಮೊದಲೇ ಅವಳ ಬಕೆಟ್ಟಿನ ಸದ್ದು ಕೇಳುತ್ತದೆ ಎಂಬುದು ಅದಕ್ಕೆ ಅವನು ಕೊಡುವ ಕಾರಣ.

ಮೇಜಿನ ಮೇಲಿದ್ದದ್ದು ಕೊಯ್ಲಿನ ಚಿತ್ರ. ಒಂದು ಮಾರಿಗಿಂತ ಸ್ವಲ್ಪ ಉದ್ದದ ಬಟ್ಟೆ, ಕೆಮ್ಮಣ್ಣಿನ ಬಣ್ಣದ ಹಿನ್ನೆಲೆ, ಅದರ ಮೇಲೆ ಬಿಳಿ ಗೆರೆ. ಹಳ್ಳಿಯ ಹೆಂಗಸರು ಮನೆಯ ಗೋಡೆಗಳ ಮೇಲೆ ಬರೆಯುತ್ತಿದ್ದ ಚಿತ್ರಗಳನ್ನು ನೋಡಿ ಕಲಿತು, ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು ನಲವತ್ತೈದು ವರ್ಷಗಳ ಹಿಂದೆ ಬರೆದದ್ದು. ಒಂಬತ್ತು ಹೆಂಗಸರು ಸಾಲಾಗಿ ಬಗ್ಗಿ ಪೈರು ಕೊಯ್ಯುತ್ತಿದ್ದಾರೆ. ಎಲ್ಲರೂ ನಮಗೆ ಬೆನ್ನು ಹಾಕಿದ್ದಾರೆ. ಬೆನ್ನಿಗೊಂದು ತ್ರಿಕೋನ, ತಲೆಗೊಂದು ದುಂಡು, ತುರುಬಿಗೊಂದು ಚುಕ್ಕೆ. ಅಚ್ಚಿನಲ್ಲಿ ಒತ್ತಿದ ಹಾಗೆ ಒಬ್ಬಳಂತೆ ಇನ್ನೊಬ್ಬಳು. ಬಹಳ ವರ್ಷ ಅದು ಮೆಟ್ಟಿಲ ಮೇಲಿನ ಎತ್ತರದ ಗೋಡೆಯಲ್ಲಿ ತೂಗುತ್ತ ಹೊಗೆ ಹಿಡಿದು ಕಪ್ಪಾಗಿತ್ತು. ಈಗ ದೂರದ ದೊಡ್ಡ ಚಿತ್ರಶಾಲೆಯೊಂದು ಅದನ್ನು ಐದು ವರ್ಷಕ್ಕೆ ಕೇಳಿತ್ತು. ಹತ್ತು ದಿನಗಳಲ್ಲಿ ತೊಳೆದು, ಪೆಟ್ಟಿಗೆಗೆ ಹಾಕಿ ಕಳಿಸಬೇಕಿತ್ತು. ಅಂದು ನಾಲ್ಕನೆಯ ದಿನ.

"ಯಾವ ಕುಡುಗೋಲು?" ಎಂದರು ರಿಪೇರಿ ಮೇಷ್ಟ್ರು, ತಲೆ ಎತ್ತದೆ.

"ಎಡಗಡೆಯಿಂದ ಐದನೆಯವಳದು. ಅವಳು ಎಡಚಿ. ಕುಡುಗೋಲು ಬಲಗೈಯಲ್ಲಿ ಯಾಕಿದೆ?"

ಮೇಷ್ಟ್ರು ಈಗ ತಲೆ ಎತ್ತಿದರು. ನಾನೂ ಎದ್ದು ಬಂದೆ. ಐದನೆಯ ಹೆಂಗಸು ಉಳಿದ ಎಂಟು ಜನರ ಹಾಗೆಯೇ ಬಲಗೈಯಲ್ಲಿ ಕುಡುಗೋಲು, ಎಡಗೈಯಲ್ಲಿ ಪೈರು ಹಿಡಿದಿದ್ದಳು.

"ಎಡಚಿ ಅಂತ ನಿನಗೆ ಯಾರು ಹೇಳಿದ್ದು?"

"ಅವಳ ಹಿಡಿಗಳು ಹೇಳ್ತಿವೆಯಲ್ಲ," ಎಂದಳು ಬಕೆಟ್ಟಕ್ಕ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಚಿತ್ರವನ್ನು ಮುಟ್ಟದೆ ತೋರಿಸಿದಳು. "ಎಲ್ಲರೂ ಕೊಯ್ದ ಹಿಡಿ ಎಡಕ್ಕೆ ಬಿದ್ದಿದೆ. ಇವಳದು ಬಲಕ್ಕೆ. ಪೈರು ಹಿಡಿದ ಕೈ ಯಾವ ಕಡೆಯೋ ಆ ಕಡೆಗೇ ತಾನೆ ಮಲಗಿಸೋದು?"

ಹೌದು, ಪ್ರತಿಯೊಬ್ಬಳ ಎಡಗಡೆ ನೆಲದ ಮೇಲೆ ಕೊಯ್ದ ಪೈರಿನ ಪುಟ್ಟ ರಾಶಿಯಿತ್ತು. ಐದನೆಯವಳ ಎಡಕ್ಕೆ ಮಾತ್ರ ಬರೀ ಕೆಂಪು ನೆಲ, ಅದೂ ಉಳಿದ ಕಡೆಗಿಂತ ಅಗಲವಾಗಿ. ಅವಳ ಬಲಕ್ಕೆ, ಆರನೆಯವಳ ಜೊತೆಗಿನ ಜಾಗದಲ್ಲಿ ಎರಡು ರಾಶಿ. ಒಂದರ ತೆನೆ ಇನ್ನೊಂದರ ತೆನೆಯ ಮೇಲೆ ಅಡ್ಡಡ್ಡ ಬಿದ್ದಿದ್ದವು. ನಾನು ಅದನ್ನು ಮೊದಲೇ ಗಮನಿಸಿದ್ದೆ. ಚೀಟಿಯಲ್ಲಿ ಬರೆದೂ ಇದ್ದೆ: "ಸಾಲಿನ ನಡುವಿನ ಜೋಡಿ ರಾಶಿ ಸಮೃದ್ಧಿಯ ಸಂಕೇತ, ಪಕ್ಕದ ಖಾಲಿ ನೆಲ ಬರಲಿರುವ ಬೇಸಿಗೆಯದು." ನಾನು ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ನನ್ನ ತಾಯಿ ಇಪ್ಪತ್ತು ಸುಗ್ಗಿ ಬಗ್ಗಿ ಕೊಯ್ದು ನನ್ನನ್ನು ಕಾಲೇಜಿಗೆ ಕಳಿಸಿದವಳು. ಆ ಚೀಟಿಯನ್ನು ಮೆಲ್ಲಗೆ ಮಡಚಿ ಪುಸ್ತಕದೊಳಗೆ ಇಟ್ಟೆ.

"ಸರಿ, ಎಡಚಿಯೇ ಅಂತಿಟ್ಟುಕೋ. ಅದಕ್ಕೆ ನೀನ್ಯಾಕೆ ಇಷ್ಟು ಬಿಳುಚಿಕೊಂಡೆ?" ಎಂದರು ಮೇಷ್ಟ್ರು.

ಅವಳು ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು. ನೆಲ ಅರ್ಧ ಒದ್ದೆ, ಅರ್ಧ ಒಣಗಿ ಹಾಗೆಯೇ ಉಳಿಯಿತು. ಆರು ವರ್ಷಗಳಲ್ಲಿ ಅವಳು ಒಂದು ಕೋಣೆಯನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

*

ಮಧ್ಯಾಹ್ನ ಹಿತ್ತಲ ನಲ್ಲಿಯ ಹತ್ತಿರ ಡಬ್ಬಿ ಬಿಚ್ಚಿ ಕೂತಾಗ ಅವಳೇ ಹೇಳಿದಳು. ಬಾಯಿ ತೆರೆಸಲು ನಾನು ಮಾಡಿದ್ದೇನೂ ಇಲ್ಲ. ನನ್ನ ಡಬ್ಬಿಯ ಪಲ್ಯವನ್ನು ಅವಳ ಮುಚ್ಚಳಕ್ಕೆ ಹಾಕಿದೆ ಅಷ್ಟೆ.

"ನಮ್ಮಮ್ಮ ಎಡಚಿ ಕಣೇ ತಂಗಿ. ಸುತ್ತಮುತ್ತ ಎಲ್ಲೂ ಕೊಯ್ಲಿನ ಸಾಲಿನಲ್ಲಿ ಅವಳ ಥರ ಇನ್ನೊಬ್ಬಳಿರಲಿಲ್ಲ. ಅವಳ ಹೆಸರು ಹೇಳಿ ಕೂಗಿದವರನ್ನ ನಾನು ಕಂಡಿಲ್ಲ. ಎಡಚೀ ಅಂದ್ರೆ ತಿರುಗೋಳು."

ಕುಡುಗೋಲಿನ ಹಲ್ಲುಗಳು ಬಲಗೈಯವರಿಗೆಂದೇ ಒಂದು ಮಗ್ಗುಲಿಗೆ ಕೊರೆದಿರುತ್ತವೆ, ಅದನ್ನು ಎಡಗೈಯಲ್ಲಿ ಹಿಡಿದರೆ ಪೈರು ಕೊಯ್ಯುವುದಿಲ್ಲ, ಜಾರುತ್ತದೆ ಎಂದು ಅವಳು ವಿವರಿಸಿದಳು. ಅವಳ ತಾಯಿಗಾಗಿ ಕಮ್ಮಾರ ಹಲ್ಲುಗಳನ್ನು ತಿರುಗಿಸಿ ಬೇರೆಯೇ ಕುಡುಗೋಲು ಮಾಡಿಕೊಟ್ಟಿದ್ದನಂತೆ. ಅದನ್ನು ಯಾರೂ ಎರವಲು ಕೇಳುತ್ತಿರಲಿಲ್ಲ. ಕದಿಯುವವರೂ ಇರಲಿಲ್ಲ.

"ಎಡಚಿಯನ್ನ ಸಾಲಿನ ಎಡತುದಿಗೆ ನಿಲ್ಲಿಸ್ತಾರೆ. ನಡುವೆ ನಿಂತ್ರೆ ಎಡಗಡೆಯವಳ ಬಲಮೊಣಕೈಗೂ ಇವಳ ಎಡಮೊಣಕೈಗೂ ಜಗಳ. ಆದ್ರೆ ನಮ್ಮಮ್ಮ ಬಲೇ ಚುರುಕು. ಸಾಲು ಯಾವಾಗ್ಲೂ ನಡುವೆ ಕುಸಿಯುತ್ತೆ, ತುದಿಯವರು ಓಡ್ತಾರೆ, ನಡುವಿನವರು ಮಾತಾಡ್ತಾ ಉಳಿದುಬಿಡ್ತಾರೆ. ಅದಕ್ಕೆ ಸಾಲಿನ ಹಿರಿಯಳು ಇವಳನ್ನ ಬೇಕಂತಲೇ ನಡುವೆ ಹಾಕಿ, ಎಡಕ್ಕೆ ಒಂದಾಳಿನ ಜಾಗ ಬಿಡಿಸ್ತಿದ್ದಳು. ಆ ಜಾಗದಲ್ಲಿ ಯಾರೂ ಕಾಲಿಡಬಾರದು."

ಅವಳು ಬಲಗೈಯನ್ನು ತಿರುಗಿಸಿ ತೋರಿಸಿದಳು. ಮುಂಗೈಯ ಹೊರಮಗ್ಗುಲಲ್ಲಿ ಬಿಳಿಯ ಗೆರೆ, ಒಂದು ಬೆರಳಿನಷ್ಟು ಉದ್ದ.

"ನಾನು ಕಾಲಿಟ್ಟೆ. ಹದಿಮೂರು ವರ್ಷ. ಅಮ್ಮನ ಪಕ್ಕ ಕೊಯ್ಯೋ ಆಸೆ."

ಆ ಗಾಯದಿಂದಾಗಿ ಆ ವಾರವೆಲ್ಲ ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಬದುವಿನ ಮೇಲೆ ನೀರಿನ ಕೊಡದ ಪಕ್ಕ ಕೂತಿದ್ದಳಂತೆ. ಆಗಲೇ ಸೈಕಲ್ಲಿನಲ್ಲಿ ಒಬ್ಬ ಮೇಷ್ಟ್ರು ಬಂದದ್ದು. ನಿಂತ ಪೈರಿನೊಳಗೆ ಯಾರೂ ಅವರನ್ನು ಬಿಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ಕೊಯ್ದು ಮುಗಿದ ಕೂಳೆಯ ಮೇಲೆ, ಹೆಂಗಸರ ಹಿಂದೆ, ಮಡಚುವ ಸ್ಟೂಲು ಹಾಕಿ ಮೂರು ದಿನ ಕೂತರು. ಸಾಲು ಮುಂದೆ ಹೋದ ಹಾಗೆ ಸ್ಟೂಲು ಎತ್ತಿಕೊಂಡು ಅವರೂ ಮುಂದೆ. ಹೆಂಗಸರು ತಿರುಗಿ ನೋಡದೆಯೇ ನಕ್ಕರು. "ನಮ್ಮ ಮುಖ ಬೇಡವಂತೆ ಇವರಿಗೆ. ಮದುವೆ ಮಾಡ್ಕೊಳ್ಳೋಕೆ ಬಂದಿಲ್ಲ ಬಿಡಿ," ಎಂದಿದ್ದಳಂತೆ ಒಬ್ಬಳು. ಮೇಷ್ಟ್ರ ಕೈಯಲ್ಲಿದ್ದದ್ದು ಸಣ್ಣ ಕಾಗದ, ಪೆನ್ಸಿಲು. ಆಮೇಲೆ ಅದು ಏನಾಯಿತೆಂದು ಹಳ್ಳಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

"ಹಾಗಾದರೆ ಇದು ನಿಮ್ಮದೇ ಸಾಲು," ಎಂದೆ.

"ಅದನ್ನ ಹೇಗೆ ಹೇಳೋದು? ಸೈಕಲ್ ಮೇಲೆ ಬರೋ ಮೇಷ್ಟ್ರು ಹತ್ತೂರು ಸುತ್ತಿರ್ತಾರೆ. ಎಲ್ಲರ ಬೆನ್ನೂ ಒಂದೇ ಥರ ಬರೆದಿದ್ದಾರೆ ಪುಣ್ಯಾತ್ಮರು. ಎಡಗೈಯಲ್ಲಿ ಕುಡುಗೋಲು ಇದ್ದಿದ್ರೆ ನಮ್ಮಮ್ಮನೇ. ಬಲಗೈಯಲ್ಲಿದೆ. ಹಿಡಿ ಮಾತ್ರ ಬಲಕ್ಕೆ ಬಿದ್ದಿದೆ. ಅದೇ ನನಗೆ ಬಗೆಹರಿಯದ್ದು."

ತಾಯಿಯ ಫೋಟೋ ಒಂದೂ ಇಲ್ಲ ಎಂದಳು. ಆ ಸುಗ್ಗಿಯಾಗಿ ನಾಲ್ಕು ವರ್ಷಕ್ಕೆ ತಾಯಿ ತೀರಿಕೊಂಡಳು. ಬಕೆಟ್ಟಕ್ಕ ಅದೇ ಸಾಲಿನಲ್ಲಿ ಇನ್ನೂ ಹದಿನೆಂಟು ವರ್ಷ ಕೊಯ್ದಳು. ಆಮೇಲೆ ಕೊಯ್ಲಿನ ಯಂತ್ರ ಬಂತು. ಒಂಬತ್ತು ಜನರ ಎರಡು ದಿನದ ಕೆಲಸ ಊಟದ ಹೊತ್ತಿಗೆ ಮುಗಿಯತೊಡಗಿತು. ಗಂಡ ಮರದ ಡಿಪೋದಲ್ಲಿ ಲಾರಿ ತುಂಬುವ ಕೆಲಸ ಹಿಡಿದ, ಇವಳು ಪೇಟೆಗೆ ಬಂದು ಇಟ್ಟಿಗೆ ಹೊತ್ತಳು, ಆಸ್ಪತ್ರೆಯ ವಾರ್ಡು ಒರೆಸಿದಳು, ಕೊನೆಗೆ ಇಲ್ಲಿಗೆ. ಈಗಲೂ ನೆಲ ಒರೆಸುವಾಗ ಅವಳು ಬಲದಿಂದ ಎಡಕ್ಕೆ ಒಂದೊಂದು ಪಟ್ಟಿಯಾಗಿ ಸಾಗುತ್ತಾಳೆ, ಹೊಲದ ಪಟ್ಟಿ ಮುಗಿಸುವ ಹಾಗೆ. ನಡುವೆ ಯಾರಾದರೂ ನಡೆದು ಹೋದರೆ, ಬೆಳೆ ತುಳಿದವರನ್ನು ನೋಡುವ ಹಾಗೆ ನೋಡುತ್ತಾಳೆ.

"ಇಷ್ಟು ವರ್ಷ ಫೋಟೋ ಇಲ್ಲ ಅಂತ ಅನ್ನಿಸಿರಲೇ ಇಲ್ಲ. ಈಗ ಮೊಮ್ಮಗಳು ಕೇಳ್ತಾಳೆ."

ಮೊಮ್ಮಗಳಿಗೆ ಎಂಟು ವರ್ಷ. ಎಡಗೈಯಲ್ಲಿ ಬರೆಯುತ್ತಾಳೆ. ಬರೆದ ಸಾಲಿನ ಮೇಲೆಯೇ ಕೈ ಸಾಗುವುದರಿಂದ ಶಾಯಿ ಉಜ್ಜಿ ಅಕ್ಷರಗಳಿಗೆಲ್ಲ ಮೀಸೆ ಬರುತ್ತದೆ. ಕೈ ಬದಲಾಯಿಸು ಎಂದು ಅಪ್ಪ ದಿನವೂ ಗದರುತ್ತಾನೆ. ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ. "ಇದು ನಿನ್ನ ಮುತ್ತಜ್ಜಿಯ ಕೈ ಕಣೇ ಅಂದ್ರೆ, ತೋರಿಸು ಅಂತಾಳೆ. ಎಲ್ಲಿಂದ ತೋರಿಸಲಿ? ಅಜ್ಜಿ ಸುಳ್ಳು ಕಟ್ತಾಳೆ ಅಂತ ಅವಳಪ್ಪನ ಹತ್ತಿರ ಹೇಳಿದಳಂತೆ. ಮೊನ್ನೆಯಿಂದ ಬಲಗೈಯಲ್ಲಿ ಬರೀತಿದ್ದಾಳೆ. ಅಕ್ಷರ ನೋಡಿದ್ರೆ ಕೋಳಿ ಕೆದಕಿದ ಹಾಗಿದೆ."

*

ಚಿತ್ರಶಾಲೆಯ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಓದಿದವರು, ಒಳ್ಳೆಯವರು, ಚಿತ್ರಗಳ ವಿಷಯದಲ್ಲಿ ಬಹಳ ಹೆದರಿಕೆಯವರು. ಮರುದಿನ ನಾನು ವಿಷಯ ಹೇಳಿದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನೋಡಮ್ಮ, ಜನಪದ ಶೈಲಿಯಲ್ಲಿ ಎಡ-ಬಲ ಲೆಕ್ಕಕ್ಕಿಲ್ಲ. ಒಂದೇ ಆಕಾರ ಒಂಬತ್ತು ಸಲ ಬಂದರೆ ಕಣ್ಣಿಗೆ ಬೇಜಾರಾಗುತ್ತೆ. ಅದಕ್ಕೆ ನಡುವೆ ಒಂದು ರಾಶಿಯನ್ನ ಆಚೆ ಹಾಕಿದ್ದಾರೆ. ಅದು ವಿನ್ಯಾಸ."

"ಇರಬಹುದು ಮೇಡಂ," ಎಂದೆ. ನಿಜಕ್ಕೂ ಇರಬಹುದಿತ್ತು. ನನಗೂ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಬಕೆಟ್ಟಕ್ಕ, "ವಿನ್ಯಾಸಕ್ಕೆ ಹಾಕಿದ್ರೆ ತೆನೆ ಯಾವ ಕಡೆಗಾದ್ರೂ ತಿರುಗಿರಬಹುದಿತ್ತಲ್ಲ ಮೇಡಂ? ಒಂದು ನಿಮಿಷ ಬನ್ನಿ. ಬಗ್ಗೋ ಕೆಲಸ ನಿಮಗೆ ಬೇಡ, ನೀವು ನೋಡಿದ್ರೆ ಸಾಕು," ಎಂದಳು.

ಅವಳು ನಡುವಿನ ಕೋಣೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದಳು. ಎಡಕ್ಕೆ ರಿಪೇರಿ ಮೇಷ್ಟ್ರು, ಬಲಕ್ಕೆ ಗೇಟಣ್ಣ, ನಡುವೆ ನಾನು. ಹಳೆಯ ಪತ್ರಿಕೆಗಳನ್ನು ಉದ್ದುದ್ದ ಹರಿದು ನಮ್ಮ ಮುಂದೆ ಹರವಿದಳು. ಕೈಗೊಂದೊಂದು ಅಡಿಪಟ್ಟಿ ಕೊಟ್ಟಳು, ಅದೇ ಕುಡುಗೋಲು. ನನಗೆ ಎಡಗೈಯಲ್ಲಿ ಹಿಡಿಯಲು ಹೇಳಿದಳು.

"ನನ್ನ ಸೊಂಟ ಹೋದರೆ ಯಾರು ಗೇಟು ಕಾಯೋದು?" ಎಂದ ಗೇಟಣ್ಣ.

"ನೀನು ನಿದ್ದೆ ಮಾಡುವಾಗ ಯಾರು ಕಾಯ್ತಾರೋ ಅವರೇ. ಬಗ್ಗು."

ಬಗ್ಗಿದೆವು. ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಎಳೆ, ಹಿಡಿದ ಕೈಯಿಂದಲೇ ಮಲಗಿಸು. ಯೋಚಿಸಬೇಡಿ, ಕೈ ಹೋದ ಕಡೆ ಬಿಡಿ ಎಂದಳು. ಎರಡನೆಯ ಹಿಡಿಗೇ ನನ್ನ ಎಡಮೊಣಕೈ ಮೇಷ್ಟ್ರ ಬಲಮೊಣಕೈಗೆ ಬಡಿಯಿತು. "ಅಯ್ಯೋ," ಎಂದು ಅವರು ಒಂದು ಹೆಜ್ಜೆ ಎಡಕ್ಕೆ ಸರಿದರು.

"ನೋಡಿ ಮೇಡಂ, ಸರಿಯಿರಿ ಅಂತ ನಾನು ಹೇಳಲಿಲ್ಲ," ಎಂದಳು ಬಕೆಟ್ಟಕ್ಕ.

ಹತ್ತು ಹಿಡಿ ಆದ ಮೇಲೆ ಎದ್ದು ಹಿಂದೆ ನಿಂತು ನೋಡಿದೆವು. ಮೇಷ್ಟ್ರ ಕಾಗದ ಅವರ ಎಡಕ್ಕೆ ಬಿದ್ದಿತ್ತು. ಅವರಿಗೂ ನನಗೂ ನಡುವೆ ಬರೀ ನೆಲ. ನನ್ನ ಬಲಕ್ಕೆ, ನನಗೂ ಗೇಟಣ್ಣನಿಗೂ ನಡುವೆ ಎರಡು ರಾಶಿ. ನನ್ನ ಕಾಗದಗಳ ತುದಿ ಅವನ ಕಡೆಗೆ, ಅವನವುಗಳ ತುದಿ ನನ್ನ ಕಡೆಗೆ, ಒಂದರ ಮೇಲೊಂದು ಅಡ್ಡಡ್ಡ. ಮೇಜಿನ ಮೇಲಿನ ಚಿತ್ರ ನೆಲಕ್ಕಿಳಿದ ಹಾಗಿತ್ತು.

ಮೇಡಂ ಬಕೆಟ್ಟಕ್ಕನನ್ನಲ್ಲ, ರಿಪೇರಿ ಮೇಷ್ಟ್ರನ್ನು ಕೇಳಿದರು. "ಕೈಯ ಹತ್ತಿರ ಏನಾದರೂ ಕಂಡಿದೆಯಾ ನಿಮಗೆ?"

"ಕೆಂಪು ಸ್ವಲ್ಪ ಬೇರೆ ಇದೆ," ಎಂದರು ಅವರು, ಸೊಂಟ ಹಿಡಿದುಕೊಂಡು. "ಎರಡೂ ಕೈಗಳ ಸುತ್ತ. ನೀರು ತಾಗಿದ ಕಲೆ ಅಂದುಕೊಂಡಿದ್ದೆ. ಮೇಲೆ ಯಾರೋ ಬಣ್ಣ ಹಚ್ಚಿದ್ದೂ ಇರಬಹುದು. ಉಗುರಿನಷ್ಟು ಜಾಗದಲ್ಲಿ ಒರೆಸಿ ನೋಡಬಹುದು. ಕೆಳಗೆ ಏನೂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸ್ತೀನಿ."

"ಉಗುರಿನಷ್ಟು," ಎಂದರು ಮೇಡಂ. "ಕಿರುಬೆರಳಿನ ಉಗುರು."

ಎಲ್ಲರೂ ಮೇಜಿನ ಕಡೆ ಹೊರಟರೆ ಬಕೆಟ್ಟಕ್ಕ ಮಾತ್ರ ಹರಿದ ಕಾಗದ ಗುಡಿಸುತ್ತ ನಿಂತಳು. ಕರೆದೆ. ಬರಲಿಲ್ಲ.

"ಈಗ ಬೇಡ ಬಿಡು ತಂಗಿ."

"ಯಾಕಕ್ಕ? ಕೇಳಿದ್ದು ನೀನೇ ಅಲ್ವಾ?"

"ಇಷ್ಟು ಹೊತ್ತು ಅರ್ಧ ಆದ್ರೂ ನಮ್ಮಮ್ಮ ಆಗಿದ್ದಳು. ಒರೆಸಿದ ಮೇಲೆ ಕೆಳಗೆ ಏನೂ ಸಿಗಲಿಲ್ಲ ಅಂದ್ರೆ ಪೂರ್ತಿ ಬೇರೆ ಯಾರೋ ಆಗಿಬಿಡ್ತಾಳೆ. ಮಗುವಿಗೆ ಏನು ಹೇಳಲಿ?"

ಮೇಜಿನ ಕಡೆಯಿಂದ ಗೇಟಣ್ಣ ಹೇಳಿದ: "ಸಿಗದಿದ್ರೆ ಮಗುವಿಗೆ ಹೇಳಬೇಡ. ಸಿಕ್ಕಿದ್ರೆ ಹೇಳು. ನೋಡದೆ ಇದ್ರೆ ಎರಡೂ ಇಲ್ಲ." ಅವನು ಜೀವನದಲ್ಲಿ ಆಡಿದ ಬುದ್ಧಿಮಾತು ಅದೊಂದೇ ಎಂದು ಬಕೆಟ್ಟಕ್ಕ ಈಗಲೂ ಹೇಳುತ್ತಾಳೆ. ಪೊರಕೆಯನ್ನು ಗೋಡೆಗೆ ಒರಗಿಸಿ ಬಂದಳು.

ಮೇಷ್ಟ್ರು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡರು. ಕಡ್ಡಿಗೆ ಹತ್ತಿ ಸುತ್ತಿ, ಸೀಸೆಯ ದ್ರವದಲ್ಲಿ ಅದ್ದಿ, ಐದನೆಯವಳ ಎಡಗೈಯ ಪಕ್ಕದ ಬರೀ ಕೆಂಪಿನ ಮೇಲೆ ಸುಳಿಸುಳಿಯಾಗಿ ಆಡಿಸಿದರು. ಹತ್ತಿ ಕೆಂಪಾಯಿತು. ಬಿಸಾಡಿ ಇನ್ನೊಂದು ಸುತ್ತಿದರು. ಅದೂ ಕೆಂಪಾಯಿತು. ಹೀಗೆ ಏಳೋ ಎಂಟೋ. ಗೇಟಣ್ಣ ಎರಡು ಸಲ ಗೇಟಿಗೆ ಹೋಗಿ ಬಂದ. ಒಂಬತ್ತನೆಯ ಹತ್ತಿ ತೆಗೆದಾಗ ಕೆಂಪಿನ ನಡುವೆ ಒಂದು ಬಿಳಿ ಚುಕ್ಕೆ ಕಂಡಿತು. ಅದು ಕೂದಲಿನಷ್ಟು ಗೆರೆಯಾಯಿತು. ಗೆರೆ ಬಾಗಿತು.

"ಮೇಡಂ, ಉಗುರು ಮುಗಿಯಿತು," ಎಂದರು ಮೇಷ್ಟ್ರು.

"ಮುಂದುವರಿಸಿ," ಎಂದರು ಮೇಡಂ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕುಡುಗೋಲಿನ ಮುಕ್ಕಾಲು ಭಾಗ ಮೇಲೆ ಬಂದಿತ್ತು, ಎಡಗೈಯಲ್ಲಿ. ಮರುದಿನ ಎಡಗೈಯ ಪೈರು ಹತ್ತಿಯ ಜೊತೆ ಹೋಯಿತು, ಬಲಗೈಯ ಕುಡುಗೋಲೂ ಹೋಯಿತು. ಅದರ ಕೆಳಗೆ ಒಂದು ಹಿಡಿ ಪೈರಿತ್ತು, ನಾಲ್ಕು ಗೆರೆ, ತುದಿಯಲ್ಲಿ ಚುಕ್ಕೆಗಳು. ಮೇಲಿನ ಬಣ್ಣ ಮೊದಲಿನಷ್ಟು ಒಳ್ಳೆಯದಲ್ಲ, ಅವಸರದಲ್ಲಿ ಹಚ್ಚಿದ್ದು ಎಂದರು ಮೇಷ್ಟ್ರು. ಹಚ್ಚಿದವರು ಬರೆದವರೇ ಆಗಿರಬಹುದು, ಬೇರೆಯವರೂ ಆಗಿರಬಹುದು. ಚಿತ್ರ ಮೊದಲು ತೂಗಿದ್ದು ಒಂದು ಕಚೇರಿಯಲ್ಲಿ. ಅಲ್ಲಿ ಯಾರೋ ನಕ್ಕು, ಇವಳೊಬ್ಬಳು ತಪ್ಪು ಕೈಯಲ್ಲಿ ಹಿಡಿದಿದ್ದಾಳಲ್ಲ ಎಂದಿರಬಹುದು. ಇದೆಲ್ಲ ನಮ್ಮ ಊಹೆ.

"ಕೈಗಳನ್ನ ತಿದ್ದಿದರು, ರಾಶಿ ತಿದ್ದೋಕೆ ಮರೆತರು," ಎಂದರು ಮೇಷ್ಟ್ರು.

"ಮರೆತದ್ದಲ್ಲ," ಎಂದಳು ಬಕೆಟ್ಟಕ್ಕ. "ರಾಶಿಗೂ ಕೈಗೂ ಸಂಬಂಧ ಇದೆ ಅಂತ ಗೊತ್ತೇ ಇರಲಿಲ್ಲ. ಕೊಯ್ದಿದ್ರೆ ತಾನೆ."

ಹಾಗಾದರೆ ಮೊದಲು ಬರೆದವರಿಗೆ ಗೊತ್ತಿತ್ತೇ? ಆ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಗೊತ್ತಿರಲಿಲ್ಲ ಎಂದೇ ನನಗೆ ತೋರುತ್ತದೆ. ಮೂರು ದಿನ ಕೂಳೆಯ ಮೇಲೆ ಕೂತು, ಕಂಡದ್ದನ್ನು ಕಂಡ ಹಾಗೆ ಬರೆದರು, ಅಷ್ಟೆ. ಬೆನ್ನುಗಳನ್ನು ಅಚ್ಚಿನಂತೆ ಬರೆದವರು ಹಿಡಿಗಳನ್ನು ಮಾತ್ರ ಬಿದ್ದಲ್ಲೇ ಬರೆದರು.

*

ಹೊಸ ಚೀಟಿ ಬರೆಯುವಾಗ ಏನೆಂದು ಬರೆಯಲಿ, ಅಮ್ಮನ ಹೆಸರು ಹೇಳು ಎಂದೆ. ಬಕೆಟ್ಟಕ್ಕ ಹೇಳಿದಳು. ಆಮೇಲೆ ತಾನೇ ಬೇಡವೆಂದಳು. "ಆ ಹೆಸರಲ್ಲಿ ಕರೆದ್ರೆ ಸಾಲಲ್ಲಿ ಯಾರೂ ತಿರುಗಲ್ಲ. ಎಡಚಿ ಅಂತಲೇ ಬರಿ." ಹಾಗೆಯೇ ಬರೆದೆ: "ಎಡದಿಂದ ಐದನೆಯವಳು ಎಡಚಿ. ಅವಳ ಎಡಕ್ಕೆ ಬಿಟ್ಟಿರುವ ಜಾಗ ಅವಳ ಕುಡುಗೋಲಿಗಾಗಿ." ಮೇಡಂ ಒಂದಕ್ಷರವನ್ನೂ ಬದಲಾಯಿಸಲಿಲ್ಲ.

ಹತ್ತನೆಯ ದಿನ ಪೆಟ್ಟಿಗೆ ಬಂತು. ಮರಗೆಲಸದವರು ಒಳಗೆ ಬಟ್ಟೆ ಹಾಸುತ್ತಿರುವಾಗ, ಶಾಲೆ ಬಿಟ್ಟ ತಕ್ಷಣ ಬಕೆಟ್ಟಕ್ಕ ಮೊಮ್ಮಗಳನ್ನು ಕರೆತಂದಳು. ಎರಡು ಜಡೆ, ಬೆನ್ನಿಗಿಂತ ದೊಡ್ಡ ಚೀಲ. ಹುಡುಗಿ ಕೈ ಹಿಂದೆ ಕಟ್ಟಿಕೊಂಡು, ಯಾರೂ ಹೇಳದಿದ್ದರೂ, ಸಾಲನ್ನು ಎಡದಿಂದ ಎಣಿಸಿದಳು. ಐದಕ್ಕೆ ನಿಂತಳು. ತನ್ನ ಎಡಗೈಯನ್ನು ಮುಂದೆ ತಂದು ಮುಷ್ಟಿ ಮಾಡಿ, ಚಿತ್ರವನ್ನು ನೋಡಿ, ಮತ್ತೆ ಮುಷ್ಟಿಯನ್ನು ನೋಡಿದಳು.

"ಇವಳೇನಾ?"

"ಇವಳೇ."

"ಇಷ್ಟೊಂದು ಕೊಯ್ದಿದ್ದು ಇವಳೇನಾ?"

"ಅದರಲ್ಲಿ ಅರ್ಧ ಪಕ್ಕದವಳದ್ದು. ಆದ್ರೆ ಮೊದಲು ಮುಗಿಸ್ತಿದ್ದುದು ಇವಳೇ."

ಹುಡುಗಿ ಇನ್ನಷ್ಟು ಹತ್ತಿರ ಬಾಗಿದಳು. ಮೇಡಂ ಒಂದು ಹೆಜ್ಜೆ ಮುಂದೆ ಬಂದು, ಅಲ್ಲೇ ನಿಂತುಬಿಟ್ಟರು.

"ಅಜ್ಜಿ, ಇವಳು ಯಾಕೆ ಈ ಕಡೆ ತಿರುಗಿ ನೋಡ್ತಿಲ್ಲ?"

ಬಕೆಟ್ಟಕ್ಕ ಚಿತ್ರದಲ್ಲಿ ಹೆಂಗಸರ ಮುಂದೆ ಇನ್ನೂ ನಿಂತೇ ಇದ್ದ ಪೈರನ್ನು ನೋಡಿದಳು. ಬಿಳಿ ಗೆರೆಗಳು ಬಟ್ಟೆಯ ಮೇಲಂಚಿನವರೆಗೂ ಇದ್ದವು.

"ಅಷ್ಟು ಉಳಿದಿದೆಯಲ್ಲೇ. ಮುಗಿಸಿ ನೋಡ್ತಾಳೆ."

ಮರಗೆಲಸದವರು ಚಿತ್ರ ಎತ್ತುವವರೆಗೂ ಇಬ್ಬರೂ ನಿಂತಿದ್ದರು. ಆಮೇಲೆ ಬಕೆಟ್ಟಕ್ಕ ನೀರು ತರಲು ಹೋದಳು. ಹುಡುಗಿ ನನ್ನ ಮೇಜಿನ ಹತ್ತಿರ ಬಂದು ಒಂದು ಹಾಳೆ ಕೇಳಿದಳು, ಪೆನ್ಸಿಲೂ ಕೇಳಿದಳು. ಪೆನ್ಸಿಲನ್ನು ಅವಳ ಬಲಗೈಯ ಕಡೆಗೆ ಚಾಚಿದೆ. ಅವಳು ಎಡಗೈಯಲ್ಲಿ ತೆಗೆದುಕೊಂಡಳು.